ಊರಂಚಿನ ಕಾಲುದಾರಿಗಳು

ಶಿವಮೊಗ್ಗದ ವಿದ್ಯಾನಗರದಲ್ಲಿ ವಾಸಿಸುವ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಒಂದು ಸಂಜೆ ಮಾತನಾಡುತ್ತಿದ್ದಾಗ ನಾವು ಅವರನ್ನು ಒಂದು ಸಣ್ಣ ಪ್ರಶ್ನೆ ಕೇಳಿದೆವು: “ನಿಮ್ಮ ಬಡಾವಣೆಗೂ ಹಳೆಯ ಪೇಟೆಗೂ ನಡುವೆ ಹರಿಯುವ ತುಂಗಾನದಿ ಯಾವ ದಿಕ್ಕಿಗೆ ಹೋಗುತ್ತದೆ?” ಕೆಲವರು ಸುಮ್ಮನಿದ್ದರು. ಒಬ್ಬ ಹುಡುಗನು ಮಾತ್ರ ಧೈರ್ಯಮಾಡಿ, “ಪಶ್ಚಿಮಕ್ಕೆ, ಏಕೆಂದರೆ ಸಮುದ್ರವಿರುವುದು ಆ ಕಡೆಗೆ” ಎಂದನು. ಅವನ ತರ್ಕವು ಕೆಟ್ಟದ್ದೆಂದು ನಾವು ಹೇಳಲಾರೆವು. ಆದರೆ ತರ್ಕವು ಎಷ್ಟೇ ಚೆನ್ನಾಗಿರಲಿ, ಸೇತುವೆಯ ಮೇಲೆ ಎರಡು ನಿಮಿಷ ನಿಂತು ನೋಡಿದ್ದರೆ ಆ ಉತ್ತರ ಬರುತ್ತಿರಲಿಲ್ಲ. ಆ ವಿದ್ಯಾರ್ಥಿಗಳೇ ಅಮೆಜಾನ್ ನದಿಯ ವಿಷಯವನ್ನು ಕೇಳಿದೊಡನೆ ಸರಾಗವಾಗಿ ಹೇಳಬಲ್ಲವರಾಗಿದ್ದರು. ದಿನಕ್ಕೆರಡು ಬಾರಿ ಬಸ್ಸಿನಲ್ಲೋ ಸ್ಕೂಟರಿನಲ್ಲೋ ದಾಟುವ ನದಿಯನ್ನು ಮಾತ್ರ ಅವರು ನೋಡಿರಲಿಲ್ಲ.

ತುಂಗೆಯು ಶಿವಮೊಗ್ಗದ ಬಳಿ ಈಶಾನ್ಯಕ್ಕೆ ಹರಿಯುತ್ತದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗೆ, ಭದ್ರೆಗಳೆರಡೂ ಹುಟ್ಟುತ್ತವೆ. ಆ ಸ್ಥಳದಿಂದ ಅರಬ್ಬೀ ಸಮುದ್ರಕ್ಕೆ ನೂರು ಕಿಲೋಮೀಟರೂ ಇಲ್ಲ. ಹಾಗಿದ್ದರೂ ಆ ನೀರು ಹತ್ತಿರದ ಸಮುದ್ರವನ್ನು ಬಿಟ್ಟು, ತುಂಗಭದ್ರೆಯಾಗಿ, ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ಪೀಠಭೂಮಿಯ ಪಶ್ಚಿಮದ ಅಂಚು ಗೋಡೆಯಂತೆ ಎತ್ತರವಾಗಿದ್ದು, ಅಲ್ಲಿಂದ ನೆಲವು ಪೂರ್ವಕ್ಕೆ ಮೆಲ್ಲಮೆಲ್ಲನೆ ಇಳಿಯುತ್ತಿರುವುದೇ ಇದಕ್ಕೆ ಕಾರಣ. ಭೂಗೋಳದ ಒಂದು ದೊಡ್ಡ ಪಾಠವು ವಿದ್ಯಾನಗರದ ಮನೆಬಾಗಿಲಿನಲ್ಲಿಯೇ ಹರಿಯುತ್ತಿದೆ. ಅದನ್ನು ಓದಲು ಬೇಕಾದುದು ಎರಡು ಕಾಲು ಮತ್ತು ಅರ್ಧ ದಿನದ ಬಿಡುವು.

ನಮ್ಮ ಶಾಲಾಕಾಲೇಜುಗಳಲ್ಲಿ ಪ್ರವಾಸಗಳು ನಡೆಯುತ್ತಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಬಸ್ಸು ಹೊರಡುತ್ತದೆ. ಜೋಗ, ಆಗುಂಬೆ, ಬೇಲೂರು, ಹಳೇಬೀಡುಗಳನ್ನು ಎರಡೇ ದಿನಗಳಲ್ಲಿ ಮುಗಿಸಿ ಹಿಂದಿರುಗುತ್ತದೆ. ಈ ಪ್ರವಾಸಗಳ ಸಂತೋಷವನ್ನು ಕಡಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಮರಗಳೆಲ್ಲ ಒಂದೇ ಹಸಿರು ಗೋಡೆಯಾಗಿ ಕಾಣುತ್ತವೆ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವನಿಗೆ ಇದು ಹೊಂಗೆ, ಇದು ಮತ್ತಿ, ಇದು ಮುತ್ತುಗ ಎಂದು ಒಂದೊಂದಾಗಿ ಪರಿಚಯವಾಗುತ್ತದೆ. ದೂರದ ಪ್ರವಾಸವು ವರ್ಷದ ಹಬ್ಬವಾದರೆ ಹತ್ತಿರದ ನಡಿಗೆಯು ನಿತ್ಯದ ಊಟ. ಹಬ್ಬದೂಟವೊಂದನ್ನೇ ನಂಬಿ ಯಾರೂ ಬದುಕುವುದಿಲ್ಲವಷ್ಟೆ.

ವಿಜ್ಞಾನದ ಇತಿಹಾಸವನ್ನು ನೋಡಿದರೆ, ಅದರ ಬಹುಭಾಗವು ಕಾಲ್ನಡಿಗೆಯಿಂದ ಬೆಳೆದುದೆಂದು ತಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ಲೋಕವನ್ನು ಸುತ್ತಿಬಂದುದು ಎಲ್ಲರಿಗೂ ಗೊತ್ತು. ಆದರೆ ಹಿಂದಿರುಗಿದ ಮೇಲೆ ನಾಲ್ವತ್ತು ವರ್ಷಗಳ ಕಾಲ ಅವನು ತನ್ನ ಹಳ್ಳಿಯ ಮನೆಯ ಹಿಂದಿನ ಮರಳಿನ ಕಾಲುದಾರಿಯಲ್ಲಿ ದಿನವೂ ನಡೆಯುತ್ತಿದ್ದನು. ಸುತ್ತಲಿನ ಹೊಲಗಳ ಎರೆಹುಳುಗಳನ್ನು ಪರೀಕ್ಷಿಸಿ 1881ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬವನು ಮೊದಲ ಹೂ ಅರಳಿದ ದಿನ, ಮರ ಚಿಗುರಿದ ದಿನ, ವಲಸೆಯ ಹಕ್ಕಿ ಬಂದ ದಿನ ಇವುಗಳನ್ನು 1736ರಿಂದ ಬರೆದಿಡತೊಡಗಿದನು. ಅವನ ವಂಶಸ್ಥರು ಆ ಕೆಲಸವನ್ನು 1958ರವರೆಗೂ ಮುಂದುವರಿಸಿದರು. ಭೂಮಿಯ ಹವೆ ಹೇಗೆ ಬದಲಾಗುತ್ತಿದೆಯೆಂದು ವಿಚಾರಿಸುವ ಇಂದಿನ ವಿಜ್ಞಾನಿಗಳಿಗೆ ಆ ಮನೆತನದ ದಿನಚರಿಯು ಬೆಲೆಕಟ್ಟಲಾಗದ ಸಾಕ್ಷ್ಯವಾಗಿದೆ. ನಮ್ಮಲ್ಲಿಯೂ ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಅಲೆದ ಅನುಭವವೇ ‘ಹಸುರು ಹೊನ್ನು’ ಎಂಬ ಗ್ರಂಥವಾಯಿತು. ಇವರಲ್ಲಿ ಯಾರಿಗೂ ನಡಿಗೆಯು ಕಾಲಹರಣವಾಗಿರಲಿಲ್ಲ.

ವಿದ್ಯಾನಗರದಿಂದ ಹೊರಟರೆ ಏನೇನನ್ನು ಕಾಣಬಹುದು? ಮೊದಲನೆಯದು ನದಿಯ ದಂಡೆ. ತುಂಗೆಯ ಪ್ರವಾಹಕ್ಕೆ ಎದುರಾಗಿ ಎಂಟು ಕಿಲೋಮೀಟರ್‌ನಷ್ಟು ಹೋದರೆ ಎರಡು ದಂಡೆಗಳ ಮೇಲೆ ಮತ್ತೂರು, ಹೊಸಹಳ್ಳಿ ಎಂಬ ಅವಳಿ ಗ್ರಾಮಗಳಿವೆ. ಸಂಸ್ಕೃತಕ್ಕೂ ಗಮಕಕ್ಕೂ ಹೆಸರಾದ ಈ ಊರುಗಳಿಗೆ ಹೋಗುವ ದಾರಿಯುದ್ದಕ್ಕೂ ಗದ್ದೆ, ಅಡಕೆ ಮತ್ತು ತೆಂಗಿನ ತೋಟಗಳು. ದಾರಿ ಸಮತಟ್ಟಾದುದು, ಎಳೆಯರೂ ಮುದುಕರೂ ಆಯಾಸವಿಲ್ಲದೆ ನಡೆಯಬಹುದು. ನಡುವೆ ಎಲ್ಲಿಯಾದರೂ ನದಿಯ ಅಗಲವನ್ನು ದಾಟದೆಯೇ ಅಳೆಯಬಹುದು. ಎದುರು ದಂಡೆಯ ನೀರಂಚಿನಲ್ಲಿರುವ ಒಂದು ಮರಕ್ಕೆ ನೇರವಾಗಿ ಈಚೆ ದಂಡೆಯಲ್ಲಿ ನಿಲ್ಲಿರಿ. ಅಲ್ಲಿಂದ ದಂಡೆಯುದ್ದಕ್ಕೆ ಐವತ್ತು ಹೆಜ್ಜೆ ನಡೆದು ಒಂದು ಕೋಲನ್ನು ನೆಡಿರಿ. ಅದೇ ಗೆರೆಯಲ್ಲಿ ಇನ್ನೂ ಐವತ್ತು ಹೆಜ್ಜೆ ಮುಂದೆ ಹೋಗಿರಿ. ಈಗ ನದಿಗೆ ಬೆನ್ನುಮಾಡಿ ನೆಟ್ಟಗೆ ಹೊಲದ ಕಡೆಗೆ ನಡೆಯುತ್ತ, ಆಗಾಗ ಹಿಂದಿರುಗಿ ನೋಡಿರಿ. ಕೋಲೂ ಮರವೂ ಒಂದೇ ಗೆರೆಯಲ್ಲಿ ಕಾಣುವ ಜಾಗದಲ್ಲಿ ನಿಂತುಬಿಡಿರಿ. ನೀವು ನದಿಯಿಂದ ಹೀಗೆ ನಡೆದ ದೂರವೇ ನದಿಯ ಅಗಲ. ಸರ್ವಸಮ ತ್ರಿಭುಜಗಳ ಪ್ರಮೇಯವನ್ನು ಬಾಯಿಪಾಠ ಮಾಡಿ ಬೇಸತ್ತವನು ಒಮ್ಮೆ ಹೀಗೆ ಮಾಡಿದರೆ ಅದನ್ನು ಜನ್ಮದಲ್ಲಿ ಮರೆಯಲಾರನು.

ಎರಡನೆಯದು ನಾಲೆಯ ಏರಿ. ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ ಹೊರಡುವ ನಾಲೆಗಳು ಭದ್ರಾವತಿಯ ಸೀಮೆಗೆ ನೀರು ಕೊಡುತ್ತವೆ. ನಾಲೆಯ ಒಂದು ಮಗ್ಗುಲಲ್ಲಿ ಗದ್ದೆ, ತೋಟ. ಇನ್ನೊಂದು ಮಗ್ಗುಲಲ್ಲಿ ಜೋಳ, ರಾಗಿ ಅಥವಾ ಬರಿಯ ಕುರುಚಲು. ಈ ಭೇದವು ಏಕೆ ಬಂದಿತು? ನೀರು ತನಗಿಂತ ತಗ್ಗಾದ ನೆಲಕ್ಕೆ ಮಾತ್ರ ತಾನಾಗಿ ಹರಿಯಬಲ್ಲುದು. ಆದುದರಿಂದ ನಾಲೆಯನ್ನು ಕಟ್ಟುವವರು ಹೆಚ್ಚುಕಡಮೆ ಒಂದೇ ಎತ್ತರದಲ್ಲಿ, ಅತಿ ಸ್ವಲ್ಪ ಇಳಿಜಾರು ಕೊಟ್ಟು, ಗುಡ್ಡದ ಮೈಯನ್ನು ಬಳಸಿಕೊಂಡು ಅದನ್ನು ಒಯ್ಯುತ್ತಾರೆ. ಭೂಪಟದ ಸಮೋನ್ನತಿ ರೇಖೆ ಎಂದರೇನೆಂದು ತಿಳಿಯದ ವಿದ್ಯಾರ್ಥಿಗೆ ನಾಲೆಯ ಏರಿಗಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಏರಿಯ ಮೇಲೆ ನಡೆಯುವಾಗ ಅವನು ಆ ರೇಖೆಯ ಮೇಲೆಯೇ ನಡೆಯುತ್ತಿರುತ್ತಾನೆ.

ಮೂರನೆಯದು ಕೂಡ್ಲಿ. ಪಟ್ಟಣದಿಂದ ಸುಮಾರು 15 ಕಿ.ಮೀ. ದೂರದಲ್ಲಿ ತುಂಗೆಯೂ ಭದ್ರೆಯೂ ಒಂದಾಗುವ ಈ ಸ್ಥಳಕ್ಕೆ ಬಸ್ಸಿನಲ್ಲಿ ಹೋಗಿ, ಸುತ್ತಣ ಹಳ್ಳಿಗಳ ದಾರಿಯಲ್ಲಿ ನಡೆದಾಡಿ ಬರಬಹುದು. ಭಕ್ತರು ಅಲ್ಲಿನ ಪುರಾತನ ದೇವಾಲಯಗಳಿಗಾಗಿ ಹೋಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಯು ಎರಡು ನದಿಗಳ ನೀರನ್ನು ಹೋಲಿಸುವುದಕ್ಕಾಗಿಯೂ ಹೋಗಬೇಕು. ಮುಂಗಾರಿನ ಮೊದಲ ವಾರಗಳಲ್ಲಿ ತುಂಗೆಯು ಕೆಂಪಾಗಿ ಉಕ್ಕಿಬರುತ್ತಿರುವಾಗ ಭದ್ರೆಯು ಅನೇಕ ವರ್ಷಗಳಲ್ಲಿ ಇನ್ನೂ ಬಡಕಲಾಗಿರುತ್ತಾಳೆ. ಇಬ್ಬರೂ ಒಂದೇ ಬೆಟ್ಟದ ಮಕ್ಕಳು. ಮಳೆಯೂ ಇಬ್ಬರ ಸೀಮೆಯಲ್ಲಿ ಹೆಚ್ಚುಕಡಮೆ ಒಟ್ಟಿಗೇ ಬರುತ್ತದೆ. ಹಾಗಾದರೆ ಈ ವ್ಯತ್ಯಾಸವೇಕೆ? ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಜಲಾಶಯವು ಸುಮಾರು 3 ಟಿ.ಎಂ.ಸಿ. ನೀರನ್ನು ಮಾತ್ರ ಹಿಡಿದಿಡಬಲ್ಲುದು. ಅದು ತುಂಬಿದೊಡನೆ ಬಂದ ನೀರೆಲ್ಲ ಮುಂದಕ್ಕೆ ಹೋಗಬೇಕು. ಭದ್ರಾ ಜಲಾಶಯದ ಹೊಟ್ಟೆಯಾದರೋ 71 ಟಿ.ಎಂ.ಸಿ.ಗೂ ಮೀರಿದುದು, ಅದು ತುಂಬುವವರೆಗೆ ಭದ್ರೆಯ ನೆರೆ ಕೂಡ್ಲಿಯನ್ನು ಮುಟ್ಟುವುದಿಲ್ಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಪತ್ರಿಕೆಯಲ್ಲಿ ದಿನವೂ ಓದಿ ಮರೆಯುವ ಈ ಅಂಕಿಗಳಿಗೆ ಸಂಗಮದ ದಂಡೆಯ ಮೇಲೆ ಅರ್ಥ ಬರುತ್ತದೆ. ಆದರೆ ನೆರೆಯಿರುವಾಗ ಮೆಟ್ಟಿಲಿಳಿದು ನೀರಿನ ಬಳಿಗೆ ಹೋಗುವುದು ಅವಿವೇಕ. ದಂಡೆಯ ಮೇಲಿನಿಂದಲೇ ನೋಡತಕ್ಕದ್ದು.

ಇವಲ್ಲದೆ ಹೊಲಗಳ ನಡುವೆ ಎದ್ದುನಿಂತ ಕಲ್ಲುಗುಡ್ಡಗಳಿವೆ. ನಮ್ಮ ಸೀಮೆಯ ಹಳೆಯ ನೈಸ್ ಶಿಲೆಗಳಲ್ಲಿ ಕೆಲವಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆ. ಹಿಮಾಲಯವು ಇವುಗಳ ಮುಂದೆ ತೊಟ್ಟಿಲ ಕೂಸು. ಗುಡ್ಡ ಹತ್ತುವವರಿಗೆ ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಹೇಳಿದ ಒಂದು ಲೆಕ್ಕವು ಉಪಯುಕ್ತವಾದುದು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಈ ಲೆಕ್ಕದಂತೆ ಇನ್ನೂರು ಅಡಿಯ ಗುಡ್ಡವು ನಮ್ಮಿಂದ ಕೇಳುವುದು ಆರು ನಿಮಿಷಗಳನ್ನು ಮಾತ್ರ. ದಾರಿಯ ಪಕ್ಕದ ಹುತ್ತದಲ್ಲಿ ಗೆದ್ದಲುಗಳು ಶಿಲೀಂಧ್ರದ ತೋಟವನ್ನೇ ಬೆಳೆಸುತ್ತವೆ; ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಆ ತೋಟದ ಫಲ. ನೀರಿನ ಮೇಲೆ ಬಾಗಿದ ಈಚಲು ಮರಗಳಲ್ಲಿ ಗೀಜಗದ ಗಂಡು ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಆ ಗೂಡು ಪೂರ್ತಿಯಾಗುತ್ತದೆ. ಅರ್ಧಕ್ಕೆ ಬಿಟ್ಟ ಗೂಡುಗಳನ್ನು ಎಣಿಸಿದರೆ ಹೆಣ್ಣಿನ ಪರೀಕ್ಷೆ ಎಷ್ಟು ಕಠಿಣವೆಂಬುದು ತಿಳಿಯುತ್ತದೆ.

ಇಲ್ಲಿ ನಾವು ಒಂದು ಎಚ್ಚರಿಕೆಯ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಊರಂಚಿನ ನಡಿಗೆ ಬೇರೆ, ಕಾಡಿನ ಪ್ರವೇಶ ಬೇರೆ. ಶಿವಮೊಗ್ಗದ ಪಶ್ಚಿಮಕ್ಕಿರುವ ಶೆಟ್ಟಿಹಳ್ಳಿ ಅಭಯಾರಣ್ಯವು 1974ರಲ್ಲಿ ಘೋಷಿತವಾಯಿತು. ಭದ್ರಾ ಅಭಯಾರಣ್ಯವು 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಲ್ಲಿಗೆ ಅನುಮತಿಯಿಲ್ಲದೆ ಹೋಗುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸುತ್ತದೆ. ಈ ನಿಷೇಧವು ಆನೆಗೂ ಒಳ್ಳೆಯದು, ನಮಗೂ ಒಳ್ಳೆಯದು. ಆನೆಯನ್ನು ನೋಡಬೇಕೆನ್ನುವವರಿಗೆ ಸಕ್ಕರೆಬೈಲಿನ ಬಿಡಾರವಿದೆ. ಅಲ್ಲಿ ಬೆಳಗಿನ ಹೊತ್ತು ಮಾವುತರು ಆನೆಗಳಿಗೆ ಸ್ನಾನ ಮಾಡಿಸುವುದನ್ನು ಕಾಣಬಹುದು. ಹಕ್ಕಿಗಳನ್ನು ನೋಡಬೇಕೆನ್ನುವವರಿಗೆ ತೀರ್ಥಹಳ್ಳಿಯ ದಾರಿಯಲ್ಲಿ ಮಂಡಗದ್ದೆಯಿದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟುವುದು ದಂಡೆಯಿಂದಲೇ ಕಾಣಿಸುತ್ತದೆ.

ಕಾಡಿನ ವಿಷಯದಲ್ಲಿ ಇನ್ನೊಂದು ಭಯವೂ ಉಂಟು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಸುತ್ತಣ ಹಳ್ಳಿಗಳ ಜನರಿಗೂ ತೀವ್ರವಾದ ಜ್ವರ ಬಂದಿತು. ಕಾರಣವಾದ ವೈರಸ್ಸಿಗೆ ಲೋಕದ ಗ್ರಂಥಗಳಲ್ಲಿ ಆ ಕಾಡಿನ ಹೆಸರೇ ನಿಂತಿದೆ. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಅದನ್ನು ಹರಡುವುದು ಕಾಡಿನ ಉಣ್ಣೆ. ಉಣ್ಣೆಯ ಮರಿಗಳು ಚಳಿಗಾಲದ ಮೊದಲಿನಿಂದ ಬೇಸಗೆಯವರೆಗೆ ಹೆಚ್ಚಾಗಿರುತ್ತವೆ. ಕಾಯಿಲೆಯೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವುದುಂಟು. ಈ ಕಾರಣದಿಂದ ಕೆಲವರು, “ಮಲೆನಾಡಿನಲ್ಲಿ ಮಕ್ಕಳನ್ನು ಮನೆಯಿಂದ ಹೊರಗೆ ಬಿಡುವುದೇ ಅಪಾಯ” ಎನ್ನುತ್ತಾರೆ. ಈ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ. ತಿಳಿಯದ ಭಯವು ಮನೆಯೊಳಗೆ ಕೂರಿಸುತ್ತದೆ. ತಿಳಿದ ಭಯವು ದಾರಿಯನ್ನು ಆರಿಸಿಕೊಳ್ಳಲು ಕಲಿಸುತ್ತದೆ. ಆ ತಿಂಗಳುಗಳಲ್ಲಿ ಕಾಡನ್ನೂ ತರಗೆಲೆಯ ಹಾಸನ್ನೂ ಬಿಟ್ಟು ನದಿದಂಡೆ, ನಾಲೆಯೇರಿ, ಊರದಾರಿಗಳಲ್ಲಿ ನಡೆಯಬೇಕು. ಕಾಡಿನ ಅಂಚಿಗೆ ಹೋಗುವುದು ಅನಿವಾರ್ಯವಾದರೆ ಮೈತುಂಬ ಬಟ್ಟೆ ಧರಿಸಬೇಕು. ಹಿಂದಿರುಗಿದ ಕೂಡಲೆ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನಮಾಡಿ, ಮೈಯನ್ನೂ ಬಟ್ಟೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಸುದ್ದಿ ಕೊಡಬೇಕು. ಇಷ್ಟನ್ನು ಬಲ್ಲ ಹುಡುಗನು ತನ್ನೊಬ್ಬನಿಗೆ ಮಾತ್ರವಲ್ಲ, ತನ್ನ ಹಳ್ಳಿಗೇ ರಕ್ಷಕನಾಗುತ್ತಾನೆ.

ನಡೆಯುವ ಕಣ್ಣಿಗೆ ಚರಿತ್ರೆಯೂ ಕಾಣಿಸುತ್ತದೆ. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ, 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಅದುರು ಕೆಮ್ಮಣ್ಣುಗುಂಡಿಯಿಂದ ಬಂದಿತು. ಕಲ್ಲಿದ್ದಲು ನಮ್ಮ ನಾಡಿನಲ್ಲಿ ಇಲ್ಲದ ಕಾರಣ ಅದುರನ್ನು ಕರಗಿಸಲು ಸುತ್ತಣ ಕಾಡಿನ ಸೌದೆಯನ್ನು ಸುಟ್ಟು ಇದ್ದಿಲು ಮಾಡಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಅದಕ್ಕೆ ಬಿದಿರೂ ಮರವೂ ಬೇಕಾದವು. ಇಂದು ದಾರಿಯ ಪಕ್ಕದಲ್ಲಿ ಸಾಲುಸಾಲಾಗಿ ನಿಂತಿರುವ ಅಕೇಶಿಯಾ, ನೀಲಗಿರಿಗಳ ಕೆಳಗೆ ಹುಲ್ಲಾಗಲಿ ಪೊದೆಯಾಗಲಿ ಎಷ್ಟು ವಿರಳವೆಂಬುದನ್ನು ನೋಡಿ, ಅನಂತರ ಹಳೆಯ ದೇವರಬನವೊಂದರ ಅಂಚಿನಲ್ಲಿ ನಿಂತು ಹೋಲಿಸಿರಿ. ನೆಡುತೋಪಿಗೂ ಕಾಡಿಗೂ ಇರುವ ಅಂತರವನ್ನು ಹೇಳಲು ಮತ್ತೊಬ್ಬರು ಬೇಕಾಗುವುದಿಲ್ಲ. ಆ ಕಾರ್ಖಾನೆಗಳು ಸಹಸ್ರಾರು ಸಂಸಾರಗಳಿಗೆ ಅನ್ನ ಕೊಟ್ಟವೆಂಬುದೂ ಸತ್ಯ. ಅದಕ್ಕೆ ಕಾಡು ಬೆಲೆ ತೆತ್ತಿತೆಂಬುದೂ ಸತ್ಯ. ಎರಡನ್ನೂ ಒಟ್ಟಿಗೆ ನೋಡಬಲ್ಲ ಬುದ್ಧಿಯೇ ವಿಜ್ಞಾನಬುದ್ಧಿ.

ಆದರೆ ನಡೆಯಬೇಕೆಂದು ಹೊರಟವನಿಗೆ ದಾರಿಯೇ ಇಲ್ಲದಿದ್ದರೆ ಏನು ಮಾಡಬೇಕು? ನಮಗೆ ನಿಜವಾಗಿ ಕಳವಳ ತರುವ ಸಂಗತಿ ಇದು. ನಾವು ಕೆಲವು ವರ್ಷಗಳ ಹಿಂದೆ ಸರಾಗವಾಗಿ ನಡೆದುಹೋದ ಒಂದು ಬಂಡಿದಾರಿಯು ಈಚೆಗೆ ತಂತಿಬೇಲಿಯೊಂದರ ಎದುರಿನಲ್ಲಿ ಥಟ್ಟನೆ ಮುಗಿದುಹೋಯಿತು. ಬೇಲಿಯಾಚೆ ನಿವೇಶನಗಳ ಕಲ್ಲು ನೆಟ್ಟಿದ್ದರು. ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು ನಮ್ಮಂತೆಯೇ ಹಿಂದಿರುಗಿ, ಅರ್ಧ ಮೈಲಿ ಬಳಸಿಕೊಂಡು ಹೋದಳು. ನಮಗೆ ತಪ್ಪಿದುದು ಒಂದು ಸಂಜೆಯ ಸಂತೋಷ. ಆಕೆಗೆ ಹೆಚ್ಚಿದುದು ದಿನನಿತ್ಯದ ಹೊರೆ. ಪ್ರತಿಯೊಂದು ಗ್ರಾಮಕ್ಕೂ ಕಂದಾಯ ಇಲಾಖೆಯ ನಕಾಶೆಯುಂಟು; ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಿಂದ ತೋರಿಸಿರುತ್ತಾರೆ. ರೈತರು ‘ನಕಾಶೆ ದಾರಿ’ ಎಂದು ಕರೆಯುವುದು ಇದನ್ನೇ. ಇಂತಹ ದಾರಿಯು ಒಬ್ಬರ ಸ್ವತ್ತಲ್ಲ, ಊರಿನ ಸ್ವತ್ತು. ಆದರೆ ಯಾರೂ ನಡೆಯದ ದಾರಿಯನ್ನು ಯಾರೂ ಕೇಳುವುದಿಲ್ಲ. ಯಾರೂ ಕೇಳದ ದಾರಿಯು ಒಂದೆರಡು ಉಳುಮೆಗಳಲ್ಲಿ ಹೊಲವಾಗುತ್ತದೆ, ಇಲ್ಲವೆ ಬಡಾವಣೆಯಾಗುತ್ತದೆ.

ಇಂಗ್ಲೆಂಡಿನ ಉದಾಹರಣೆಯು ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿನ ಕೈಗಾರಿಕಾ ಪಟ್ಟಣಗಳ ತರುಣರು 1932ರ ಏಪ್ರಿಲಿನಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲಿಗೆ, ಒಡೆಯರ ನಿಷೇಧವನ್ನು ಲೆಕ್ಕಿಸದೆ, ಗುಂಪಾಗಿ ನಡೆದುಹೋದರು. ಕೆಲವರು ಸೆರೆಮನೆಗೂ ಹೋದರು. 1949ರಲ್ಲಿ ಬಂದ ಕಾಯಿದೆಯು ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಗುರುತಿಸಿ ನಕ್ಷೆಯಲ್ಲಿ ದಾಖಲುಮಾಡಬೇಕೆಂದು ವಿಧಿಸಿತು. ನಾವು ಯಾರ ಬೇಲಿಯನ್ನೂ ಹಾರಬೇಕಾಗಿಲ್ಲ. ನಮ್ಮ ದಾರಿಗಳು ಆಗಲೇ ನಕಾಶೆಯಲ್ಲಿವೆ; ಅವುಗಳನ್ನು ನೆಲದ ಮೇಲೆ ಉಳಿಸಿಕೊಳ್ಳುವ ಕೆಲಸ ಮಾತ್ರ ಬಾಕಿಯಿದೆ.

ಆದುದರಿಂದ ನಮ್ಮ ಸಲಹೆ ಹೀಗಿದೆ. ಪ್ರತಿಯೊಂದು ಪ್ರೌಢಶಾಲೆ ಮತ್ತು ಕಾಲೇಜು ತಿಂಗಳಿಗೊಂದು ಶನಿವಾರ ಅರ್ಧ ದಿನವನ್ನು ನಡಿಗೆಗೆ ಮೀಸಲಿಡಲಿ. ಉಪಾಧ್ಯಾಯರೊಬ್ಬರು ಜೊತೆಗಿರಲಿ, ಹುಡುಗರಂತೆಯೇ ಹುಡುಗಿಯರೂ ಹೊರಡಲಿ. ವರ್ಷವಿಡೀ ಒಂದೇ ದಾರಿಯಲ್ಲಿ ಹೋಗಲಿ; ಏಕೆಂದರೆ ಹನ್ನೆರಡು ಹೊಸ ಸ್ಥಳಗಳನ್ನು ಒಮ್ಮೊಮ್ಮೆ ನೋಡುವುದಕ್ಕಿಂತ ಒಂದೇ ಸ್ಥಳವನ್ನು ಹನ್ನೆರಡು ಸಲ ನೋಡುವುದರಿಂದ ಹೆಚ್ಚು ತಿಳಿಯುತ್ತದೆ. ಮುತ್ತುಗ ಹೂಬಿಟ್ಟ ದಿನ, ಗೀಜಗ ನೇಯತೊಡಗಿದ ದಿನ, ನದಿಯ ಮಟ್ಟ, ನೆರಳಿನ ಉಷ್ಣತೆ ಇವನ್ನು ಒಂದು ಪುಸ್ತಕದಲ್ಲಿ ಬರೆದು ಮುಂದಿನ ತರಗತಿಗೆ ಒಪ್ಪಿಸಲಿ. ಭಾರತೀಯ ಸರ್ವೇಕ್ಷಣ ಇಲಾಖೆಯು ತನ್ನ ಸ್ಥಳವರ್ಣನಾ ನಕ್ಷೆಗಳನ್ನು 2017ರಲ್ಲಿ ಅಂತರಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಅಂತಹ ನಕ್ಷೆಯನ್ನೂ ಗ್ರಾಮದ ನಕಾಶೆಯನ್ನೂ ಕೈಯಲ್ಲಿ ಹಿಡಿದು, ಯಾವ ದಾರಿ ಇದೆ, ಯಾವುದು ಮುಚ್ಚಿದೆ ಎಂದು ಗುರುತುಮಾಡಿ ಗ್ರಾಮ ಪಂಚಾಯಿತಿಗೆ ಒಂದು ಪ್ರತಿಯನ್ನು ಕೊಡಲಿ. ಪ್ರಜೆಯ ಕರ್ತವ್ಯವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು.

ಪರೀಕ್ಷೆಗೆ ಓದುವ ಹೊತ್ತು ಹಾಳಾಗುವುದೆಂದು ತಾಯ್ತಂದೆಯರು ಹೇಳಬಹುದು. ಅವರ ಕಾತರವನ್ನು ನಾವು ಬಲ್ಲೆವು. ಇಡೀ ವರ್ಷಕ್ಕೆ ಲೆಕ್ಕಹಾಕಿದರೆ ಇದು ಆರು ದಿನಗಳ ಮಾತು. ಆ ಆರು ದಿನಗಳಲ್ಲಿ ತ್ರಿಭುಜ, ಸಮೋನ್ನತಿ ರೇಖೆ, ಜಲಾಶಯ, ರೋಗವಾಹಕ ಕೀಟ ಇವೆಲ್ಲ ಪುಸ್ತಕದ ಹಾಳೆಯಿಂದ ಎದ್ದು ಕಣ್ಣಮುಂದೆ ನಿಲ್ಲುವುದಾದರೆ ನಷ್ಟವೆಲ್ಲಿ? ಖರ್ಚಂತೂ ಒಂದು ಬುತ್ತಿ, ಒಂದು ಬಾಟಲಿ ನೀರು.

ಮೊದಲಿನ ಆ ಹುಡುಗನು ಮಾರನೆಯ ಭಾನುವಾರ ನಮ್ಮನ್ನು ಕಾಣಲು ಬಂದನು. ಸೇತುವೆಯ ಮೇಲಿನಿಂದ ಒಣ ತೆಂಗಿನಗರಿಯ ತುಂಡೊಂದನ್ನು ನದಿಗೆ ಹಾಕಿ, ಅದು ಹೋದ ದಿಕ್ಕನ್ನು ನೋಡಿದನಂತೆ. “ಅದು ಪಶ್ಚಿಮಕ್ಕೆ ಹೋಗಲೇ ಇಲ್ಲ, ಹೋಗುತ್ತ ಹೋಗುತ್ತ ಯಾವ ಊರು ಸೇರುತ್ತದೆ?” ಎಂದು ಕೇಳಿದನು. ನಾವು ಉತ್ತರ ಹೇಳಲಿಲ್ಲ. ಕೂಡ್ಲಿಯ ದಾರಿಯನ್ನು ತೋರಿಸಿದೆವು.